ಬಾವಲಿ ಚೀಲದ ಹೊಲಿಗೆ

ಫೆಬ್ರವರಿ 6

ಮಗಳೇ,

ನಿನ್ನೆ ಮಧ್ಯಾಹ್ನ ಅಂಗಡಿಯಲ್ಲೇ ಕಣ್ಣು ಹತ್ತಿ ಕೆಟ್ಟ ಕನಸು ಬಿತ್ತು. ಗುಹೆಯ ಬಾಯಿ ಕಂಡಿತು. ನಾನೆಲ್ಲಿ ಗುಹೆ ನೋಡಿದವನು, ಹಾಗಾಗಿ ಅದು ಕೋಟಿನ ಗುಂಡಿ ಹಾಕುವ ಕಾಜದ ಹಾಗಿತ್ತು. ಒಳಗೆ ನಿನ್ನ ದೀಪ ಓಡಾಡುತ್ತಿತ್ತು. ಹೊರಗಿನಿಂದ ಯಾರೋ ಅದನ್ನು ಹೊಲಿದು ಮುಚ್ಚುತ್ತಿದ್ದರು, ಅವಸರವಿಲ್ಲದೆ, ಸಣ್ಣ ಸಣ್ಣ ಹೊಲಿಗೆ ಹಾಕಿ. ಯಾರಯ್ಯಾ ಅದು ಎಂದು ಕೂಗಲು ಹೋದರೆ ನನ್ನ ಬಾಯಿ ತುಂಬ ಗುಂಡುಸೂಜಿ. ಎಚ್ಚರವಾದಾಗ ನಮ್ಮ ಅಂಗಡಿ ಜಗಲಿಯ ಇಸ್ತ್ರಿಯವನು ಎದುರಿಗೆ ನಿಂತಿದ್ದ. “ಏನ್ ಮಾಸ್ತರೇ, ನಿದ್ದೇಲೂ ಬೈತೀರಲ್ಲ, ಯಾವ ಗಿರಾಕಿ ಪ್ಯಾಂಟು ಬಿಗಿ ಅಂದ?” ಎಂದು ಕೇಳಿದ.

ನಿನ್ನ ಕಾಗದ ಬಂತು. ಬೆಟ್ಟದ ಮೇಲೆ ಫೋನು ಹತ್ತುವುದಿಲ್ಲ, ಸಾಮಾನು ತರುವ ಜೀಪಿನಲ್ಲೇ ಕಾಗದ ಹೋಗಿ ಬರಬೇಕು ಎಂದು ಬರೆದಿದ್ದೀಯ. ಒಂದು ಲೆಕ್ಕಕ್ಕೆ ಒಳ್ಳೆಯದೇ. ಫೋನಿನಲ್ಲಿ ನಾನು ಹುಷಾರು ಅನ್ನುವಷ್ಟರಲ್ಲಿ ನೀನು ಇಟ್ಟುಬಿಡುತ್ತಿದ್ದೆ. ಕಾಗದವಾದರೆ ಪೂರ್ತಿ ಓದಲೇಬೇಕು. ಓದುತ್ತೀ ತಾನೆ?

ಮನೆ ಬಿಟ್ಟು ಹೊರಟ ದಿನ ನೀನು ಅಂದದ್ದು ನಿನಗೆ ನೆನಪಿದೆಯೋ ಇಲ್ಲವೋ. “ಅಪ್ಪಾ, ಬೇರೆಯವರ ಅಪ್ಪಂದಿರು ಏನೇನೋ ಕೊಡ್ತಾರೆ, ನೀನು ಕೊಡೋದು ಬರೀ ಹೆದರಿಕೆ” ಅಂದೆ. ಅದು ಸುಳ್ಳೇನಲ್ಲ. ಆಮೇಲೆ ನೀನು ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ. ಈಗ ಚೀಲ ಕೇಳಿದ್ದೀಯ. ಬಲೆಗೆ ಬಿದ್ದ ಬಾವಲಿಯನ್ನು ಅಳತೆ, ತೂಕ ನೋಡಿ ಬಿಡುವ ತನಕ ಇಡುವುದಕ್ಕೆ. ತೆಳುವಾದ ಹತ್ತಿ ಬಟ್ಟೆ, ಗಾಳಿ ಆಡಬೇಕು, ಮುಂಗೈಯಿಂದ ಮೊಣಕೈ ತನಕದ ಉದ್ದ, ಬಾಯಿಗೆ ಎಳೆದು ಕಟ್ಟುವ ದಾರ. ಸರಿಯಾಗಿ ತಿಳಿದುಕೊಂಡೆನೇ? ಇವತ್ತೇ ಕತ್ತರಿಸಲು ಕೂತಿದ್ದೇನೆ. ಒಂದು ಮದುವೆ ಕೋಟು ಕಾಯುತ್ತಿದೆ, ಕಾಯಲಿ.

ಇಸ್ತ್ರಿಯವನಿಗೆ ಹೇಳಿದೆ. “ಬಾವಲಿಗೂ ಅಳತೆ ತಗೊಂಡ್ರಾ ಮಾಸ್ತರೇ? ತಲೆ ಕೆಳಗಾಗಿ ನಿಂತ್ರೆ ಸೊಂಟ ಎಲ್ಲಿ ಹಿಡೀತೀರಿ?” ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಅವು ಕಚ್ಚುತ್ತವೆ ಎನ್ನುವುದು ನೆನಪಾಗಿ ನಗು ನಿಂತಿತು. ಸೂಜಿ ಮದ್ದು ಪೂರ್ತಿ ಹಾಕಿಸಿಕೊಂಡಿದ್ದೀಯಾ? ಕೈಗವಸು ಹಾಕುತ್ತೀಯಾ? ಗುಹೆಯೊಳಗೆ ಗಾಳಿ ಕಡಿಮೆಯಾದರೆ ತಿಳಿಯುವುದು ಹೇಗೆ? ಇದಕ್ಕೆಲ್ಲ ಉತ್ತರ ಬರೆಯದಿದ್ದರೂ ಚಿಂತೆಯಿಲ್ಲ. ಬರೆದರೆ ನಿದ್ದೆ ಬರುತ್ತದೆ.

ನಿನ್ನ ಅಪ್ಪ


ಮಾರ್ಚ್ 3

ಅಪ್ಪಾ,

ಸೂಜಿ ಮದ್ದು ಆಗಿದೆ. ಕೈಗವಸು ಹಾಕುತ್ತೇನೆ. ಗಾಳಿ ನೋಡಲು ಒಂದು ಯಂತ್ರ ಇದೆ, ಕಡಿಮೆಯಾದರೆ ಕಿರುಚುತ್ತದೆ, ನಿನ್ನ ಹಾಗೆ.

ಚೀಲಗಳು ಬಂದವು. ಡೇರೆಯ ಹಗ್ಗಕ್ಕೆ ಸಾಲಾಗಿ ತೂಗುಹಾಕಿದಾಗ ಎಲ್ಲರೂ ಕೆಲಸ ಬಿಟ್ಟು ನೋಡಿದರು. ನಮ್ಮ ಮೇಡಂ, ಅಂದರೆ ಈ ಗುಂಪನ್ನು ಕಟ್ಟಿಕೊಂಡು ಬಂದಿರುವ ವಿಜ್ಞಾನಿ, ಒಂದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದ್ರಲ್ಲಿ ಬಾವಲಿ ಹಾಕೋಕೆ ಮನಸ್ಸು ಬರಲ್ಲ ಕಣೇ, ನಾನೇ ಹೊಕ್ಕೊಂಡು ಮಲಗ್ತೀನಿ” ಅಂದರು. ಹೊರಗಿನಿಂದ ಒಂದು ದಾರದ ತುದಿಯೂ ಕಾಣುವುದಿಲ್ಲ. ನನ್ನಪ್ಪ ಹೊಲಿದದ್ದು ಎಂದು ಕೇಳದವರಿಗೂ ಹೇಳಿದೆ.

ಕಳೆದ ವಾರ ಮೇಲಿನ ಗುಹೆಗೆ ಹೋಗಿದ್ದೆವು. ಅದರ ಬಾಯಿ ಕಿರಿದು, ಹೊಟ್ಟೆಯ ಮೇಲೆ ತೆವಳಬೇಕು. ಇದನ್ನು ಓದಿ ಎದೆ ಹಿಡಿದುಕೊಳ್ಳಬೇಡ, ಹೋಗಿ ಬಂದಾಯಿತು. ಸಂಜೆ ಬಲೆಗೆ ಬಿದ್ದವುಗಳಲ್ಲಿ ಒಂದು ಬೇರೆಯೇ ಥರ ಇತ್ತು. ಕಿವಿ ಎಲೆಯ ಹಾಗೆ ಮಡಿಸಿಕೊಂಡಿತ್ತು, ಬೆನ್ನು ತುಕ್ಕಿನ ಬಣ್ಣ, ಹೊಟ್ಟೆ ಬೂದಿಯ ಬಣ್ಣ. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಮೇಡಂ ದೀಪ ಹತ್ತಿರ ಹಿಡಿದು ನೋಡಿದವರು ಮಾತೇ ಆಡಲಿಲ್ಲ. ಅವರು ಸುಮ್ಮನಾದರೆ ದೊಡ್ಡ ವಿಷಯ ಎಂದರ್ಥ. ಹೀಗೊಂದು ಜಾತಿ ಇದೆಯೆಂದು ಇದುವರೆಗೆ ಯಾರಿಗೂ ಗೊತ್ತಿಲ್ಲದೆ ಇರಬಹುದು. ಈಗಲೇ ಯಾರಿಗೂ ಹೇಳಬೇಡ, ಇಸ್ತ್ರಿಯವನಿಗಂತೂ ಬೇಡವೇ ಬೇಡ.

ಇನ್ನಷ್ಟು ಚೀಲ ಬೇಕಾಗಬಹುದು. ಈ ಸಲ ಹೊಲಿಗೆ ಹೊರಗಡೆ ಬರುವ ಹಾಗೆ ಮಾಡುತ್ತೀಯಾ? ಅವಸರವೇನಿಲ್ಲ.

ನಿನ್ನ ಮಗಳು


ಮಾರ್ಚ್ 12

ಮಗಳೇ,

ಹೊಸ ಜಾತಿಯ ವಿಷಯ ಓದಿ ಸಂತೋಷವಾಯಿತು. ಯಾರಿಗೂ ಹೇಳಿಲ್ಲ. ಇಸ್ತ್ರಿಯವನು ಮುಖ ನೋಡಿಯೇ “ಏನೋ ಇದೆ” ಎಂದ. ಹೊಟ್ಟೆನೋವು ಎಂದೆ. ಹೊಟ್ಟೆನೋವಿಗೆ ಯಾರು ನಗುತ್ತಾರೆ ಎಂದು ಕೇಳಿದ.

ಆದರೆ ಆ ಕೊನೆಯ ಮಾತು ಯಾಕೆ ಬರೆದೆ? ಹೊಲಿಗೆ ಹೊರಗಡೆ ಅಂತ.

ನಾನು ಎಷ್ಟೋ ಬಟ್ಟೆ ಹೊಲಿದಿದ್ದೇನೆ, ಹೊಲಿಗೆ ಹೊರಗೆ ಹಾಕಿ ಅಂದವರು ಒಬ್ಬರೂ ಇಲ್ಲ. ಉಡುವ ಬಟ್ಟೆಯಾಗಲಿ, ದಿಂಬಿನ ಚೀಲವಾಗಲಿ, ಉಲ್ಟಾ ಇಟ್ಟು ಹೊಲಿಯುವುದು, ಆಮೇಲೆ ಮಗುಚುವುದು. ಕೈಗೆ ಬೇರೆ ಏನೂ ಗೊತ್ತಿಲ್ಲ. ಕಣ್ಣು ಕಟ್ಟಿ ಕೂರಿಸಿದರೂ ಹಾಗೇ ಹೊಲಿಯುತ್ತೇನೆ. ನಿನ್ನ ಚೀಲಗಳನ್ನೂ ಹಾಗೇ ಹೊಲಿದು, ಮೂಲೆಗಳನ್ನು ಕಡ್ಡಿಯಿಂದ ತಳ್ಳಿ ಚೂಪು ಮಾಡಿ, ಇಸ್ತ್ರಿ ಹಾಕಿಸಿ ಕಳಿಸಿದೆ. ಅವಸರವೇನಿಲ್ಲ ಎಂದು ಬೇರೆ ಬರೆದಿದ್ದೀಯ. ನೀನು ಅವಸರವಿಲ್ಲ ಅಂದರೆ ನನಗೆ ಅವಸರ ಶುರುವಾಗುತ್ತದೆ. ಚಿಕ್ಕವಳಿದ್ದಾಗ ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡು ಬಂದವಳು ಮೊದಲು ಹೇಳಿದ್ದು “ಅಪ್ಪಾ, ಚಹಾ ಕುಡಿದು ಮುಗಿಸು” ಎಂದು.

ಒಂದು ಚೀಲ ಮಾದರಿಗೆಂದು ಇಲ್ಲೇ ಉಳಿದಿತ್ತು. ನಿನ್ನ ಕಾಗದ ಓದಿದ ಮೇಲೆ ಅದರೊಳಗೆ ಕೈ ಹಾಕಿದೆ. ಅಂಚುಗಳನ್ನು ನಾನು ಮಡಿಸಿರಲಿಲ್ಲ. ಚೀಲ ತಾನೆ, ಒಳಗೆ ಇಣುಕಿ ನೋಡುವವರು ಯಾರು ಎಂದು ಬಿಟ್ಟಿದ್ದೆ. ತೆಳು ಬಟ್ಟೆ ಬೇಗ ಎಳೆ ಬಿಡುತ್ತದೆ. ಬೆರಳಾಡಿಸಿದರೆ ಎಳೆಗಳು ಉಗುರಿಗೆ ಸಿಕ್ಕವು. ಬಿಡಿಸಿಕೊಳ್ಳಲು ಕೈ ತಿರುಗಿಸಿದೆ, ಇನ್ನೂ ಸುತ್ತಿಕೊಂಡವು. ನನ್ನದು ಮೊಂಡು ಉಗುರು. ಬಾವಲಿಯ ಉಗುರು ಹೇಗಿರುತ್ತದೆ? ಕೊಕ್ಕೆಯ ಹಾಗೆ ಇರುತ್ತದೆ ಅಲ್ಲವೇ?

ಏನಾದರೂ ಆಯಿತೇ? ಒಂದೇ ಮಾತಿನಲ್ಲಿ ಬರೆ, ಸಾಕು. ಏನೂ ಆಗಿಲ್ಲ ಎಂದಾದರೆ ಅದನ್ನೇ ಬರೆ.

ಅಪ್ಪ


ಏಪ್ರಿಲ್ 9

ಮಗಳೇ,

ನಿನ್ನಿಂದ ಕಾಗದವಿಲ್ಲ. ಜೀಪು ಕೆಟ್ಟಿರಬಹುದು, ದಾರಿಯ ಮೇಲೆ ಬಂಡೆ ಉರುಳಿರಬಹುದು. ಇಷ್ಟು ಹೇಳಿಕೊಂಡು ಸುಮ್ಮನಿದ್ದೆ, ಆಮೇಲೆ ಬಂಡೆ ಜೀಪಿನ ಮೇಲೆಯೇ ಉರುಳಿದ್ದರೆ ಎಂದು ಹೊಳೆಯಿತು. ನಿನ್ನ ಆಫೀಸಿಗೆ ಫೋನು ಮಾಡಿದೆ. ಎತ್ತಿದವಳು “ಎಲ್ರೂ ಚೆನ್ನಾಗಿದಾರೆ ಸರ್, ನಿಮ್ಮ ಮಗಳು ಮ್ಯೂಸಿಯಂ ಕೆಲಸಕ್ಕೆ ಕೆಳಗೆ ಬಂದಿದ್ರು, ಮತ್ತೆ ಮೇಲೆ ಹೋದ್ರು” ಎಂದಳು.

ಕೆಳಗೆ ಬಂದಿದ್ದೆಯಾ. ಕೆಳಗೆ ಫೋನು ಹತ್ತುತ್ತದೆ.

ಬೇಜಾರಿಲ್ಲ. ಕೆಲಸವಿರುತ್ತದೆ. ಮನೆ ಮೆಟ್ಟಿಲಿನ ದೀಪ ಸರಿಪಡಿಸಿದ್ದೇನೆ. ಹೊಸ ಚೀಲಗಳಿಗೆ ಬಟ್ಟೆ ಕತ್ತರಿಸಿ ಇಟ್ಟಿದ್ದೇನೆ, ಹೊಲಿದಿಲ್ಲ. ನೀನು ಉತ್ತರ ಬರೆಯುವ ತನಕ ಸೂಜಿ ಹಾಕುವುದಿಲ್ಲ.

ಅಪ್ಪ


ಏಪ್ರಿಲ್ 27

ಅಪ್ಪಾ,

ಬರೆಯಲು ಕೂತು ಎಷ್ಟೋ ಸಲ ಎದ್ದೆ. ಫೋನು ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ಸುಳ್ಳು ಹೇಳಿಬಿಡುತ್ತೇನೆ ಎಂದು ಮಾಡಲಿಲ್ಲ.

ಆ ಬಾವಲಿ ಸತ್ತುಹೋಯಿತು. ನೀನು ಊಹಿಸಿದ ಹಾಗೆಯೇ. ಆ ಸಂಜೆ ಬಲೆಗೆ ತುಂಬ ಬಿದ್ದಿದ್ದವು. ಒಂದೊಂದನ್ನೇ ಚೀಲಕ್ಕೆ ಹಾಕಿ ಹಗ್ಗಕ್ಕೆ ತೂಗಿಬಿಟ್ಟು ಸರದಿ ಪ್ರಕಾರ ಅಳತೆ ಮಾಡುತ್ತಿದ್ದೆವು. ಇದನ್ನು ನಿಧಾನವಾಗಿ ನೋಡಬೇಕೆಂದು ಮೇಡಂ ಕೊನೆಗೆ ಇಟ್ಟುಕೊಂಡರು. ಚೀಲ ಬಿಚ್ಚಿದಾಗ ಎಳೆಗಳು ಕಾಲಿಗೆ, ಅಲ್ಲಿಂದ ರೆಕ್ಕೆಗೆ, ಎದೆಗೆ ಸುತ್ತಿಕೊಂಡಿದ್ದವು. ಇನ್ನೂ ಬೆಚ್ಚಗಿತ್ತು. ನಾನೇ ಸಣ್ಣ ಕತ್ತರಿಯಿಂದ ಬಿಡಿಸಿದೆ.

ತಪ್ಪು ನಿನ್ನದಲ್ಲ. ಬಾವಲಿ ಚೀಲದ ಹೊಲಿಗೆ ಹೊರಗಿರಬೇಕು, ಒಳಗೆ ನುಣುಪಾಗಿರಬೇಕು ಎನ್ನುವುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಹೇಳಲಿಲ್ಲ. ಬಟ್ಟೆ ಹೇಳಿದೆ, ಉದ್ದ ಹೇಳಿದೆ, ದಾರ ಹೇಳಿದೆ. ಚೀಲಗಳು ಬಂದಾಗ ಎಷ್ಟು ಚೆಂದ ಎಂದು ನೋಡುತ್ತ ನಿಂತೆನೇ ಹೊರತು ಒಂದರೊಳಗೂ ಕೈ ಹಾಕಲಿಲ್ಲ. ಮೇಡಂ ಕೂಡ ಹಾಕಲಿಲ್ಲ.

ಇನ್ನೊಂದು ವಿಷಯ. ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ಅದು ನಿಜವಾಗಿಯೂ ಹೊಸ ಜಾತಿ. ಮ್ಯೂಸಿಯಂನಲ್ಲಿ ಬೇರೆ ಬೇರೆ ಕಡೆಯವುಗಳ ಜೊತೆ ಇಟ್ಟು ಹಲ್ಲು, ಕಿವಿ, ರೆಕ್ಕೆಯ ಮೂಳೆ ಎಲ್ಲ ಹೋಲಿಸಿದೆವು. ಯಾವುದರ ಜೊತೆಗೂ ಸೇರಲಿಲ್ಲ. ಹೊಸದೆಂದು ಒಪ್ಪಬೇಕಾದರೆ ಒಂದು ದೇಹ ಬೇಕೇ ಬೇಕು, ಫೋಟೋ ಸಾಲದು. ಮುಂದೆ ಯಾರಿಗೆ ಅನುಮಾನ ಬಂದರೂ ಆ ಒಂದು ದೇಹವನ್ನೇ ತೆಗೆದು ನೋಡುತ್ತಾರೆ. ಮೇಡಂ ಅಂದರು: “ಇದು ಹೀಗೆ ಸಾಯದೇ ಇದ್ದಿದ್ರೆ ನಾವೇ ಒಂದನ್ನ ಕೊಲ್ಲಬೇಕಾಗ್ತಿತ್ತು. ಅದೂ ನಿನ್ನ ಕೈಲೇ ಮಾಡಿಸ್ತಿದ್ದೆ.” ಸಮಾಧಾನಕ್ಕೆ ಹೇಳಿದರೋ, ನಿಜಕ್ಕೂ ಹಾಗೇ ಇತ್ತೋ ಗೊತ್ತಿಲ್ಲ. ಈಗ ಅದು ಮ್ಯೂಸಿಯಂನಲ್ಲಿ ಸ್ಪಿರಿಟ್ಟು ತುಂಬಿದ ಬಾಟಲಿಯಲ್ಲಿದೆ. ಕಾಲಿಗೆ ಚೀಟಿ ಕಟ್ಟಿದ್ದೇವೆ. ಬೆಳೆದ ಹೆಣ್ಣು ಎಂದು ಬರೆದಿದೆ.

ನೀನು ಕೊರಗುತ್ತೀ ಎಂದು ಗೊತ್ತು. ಕೊರಗಬೇಡ ಎಂದರೆ ಕೇಳುವವನೂ ಅಲ್ಲ. ಚೀಲಗಳನ್ನು ಹೊಲಿದು ಕಳಿಸು ಅಪ್ಪಾ. ಬೇರೆಯವರ ಹತ್ತಿರ ಹೊಲಿಸುವುದಿಲ್ಲ ಎಂದು ಹೇಳಿಬಿಟ್ಟಿದ್ದೇನೆ.

ನಿನ್ನ ಮಗಳು


ಮೇ 5

ಮಗಳೇ,

ಹೇಳಿದ್ದು ಒಳ್ಳೆಯದಾಯಿತು.

ಕಾಗದ ಬಂದ ದಿನ ಮಿಷನ್ನಿಗೆ ಹೊದಿಕೆ ಹಾಕಿ ಸುಮ್ಮನೆ ಕೂತೆ. ಇಸ್ತ್ರಿಯವನು ಬಿಡಬೇಕಲ್ಲ, ಹೇಳಿದೆ. “ಬಾವಲಿ ತಾನೆ ಮಾಸ್ತರೇ! ದಿನಾ ಸೊಳ್ಳೆ ಹೊಡೀತೀರಿ, ಅದಕ್ಕೆಲ್ಲ ಅಂಗಡಿ ಬಾಗಿಲು ಹಾಕ್ತೀರಾ?” ಎಂದ. ಆಮೇಲೆ ನನ್ನ ಮುಖ ನೋಡಿ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಪಕ್ಕದಲ್ಲಿ ಕೂತ. “ಅದಕ್ಕೆ ತಿಳಿದಿರುತ್ತಾ, ಇದು ಇಂಥವ್ರು ಹೊಲಿದಿದ್ದು ಅಂತ? ಇಲ್ವಲ್ಲ” ಎಂದ. ಪಾಪ, ಅವನಿಗೆ ತೋಚಿದ್ದು ಅಷ್ಟು.

ನಿನ್ನ ಮೇಡಂ ಹೇಳಿದ್ದು ನನಗೆ ಹಿಡಿಸಲಿಲ್ಲ. ಹೇಗೂ ಕೊಲ್ಲಬೇಕಾಗಿತ್ತು ಎಂದರೆ ಅದು ಬೇರೆ ಮಾತು. ಅವರು ಕೊಂದಿದ್ದರೆ ನೋಡಿ, ಯೋಚಿಸಿ, ಇದೇ ಸಾಕು ಎಂದು ಆರಿಸಿ ಕೊಲ್ಲುತ್ತಿದ್ದರು. ಇದು ಹಾಗಲ್ಲ. ಇದನ್ನು ಯಾರೂ ಆರಿಸಲಿಲ್ಲ.

ಹೆಣ್ಣು ಎಂದು ಬರೆದಿದ್ದೀಯ. ಅಲ್ಲೇ ನನ್ನ ತಲೆ ನಿಂತುಹೋಗಿದೆ. ಅದಕ್ಕೆ ಮರಿ ಇತ್ತೇ? ಅವು ಹೊರಗೆ ಹಾರುವಾಗ ಮರಿಯನ್ನು ಹೊತ್ತುಕೊಂಡು ಹೋಗುತ್ತವೋ, ಗುಹೆಯಲ್ಲೇ ಬಿಟ್ಟು ಹೋಗುತ್ತವೋ? ಬಿಟ್ಟು ಹೋಗುವುದಾದರೆ, ತಾಯಿ ಬರದಿದ್ದರೆ ಬೇರೊಂದು ಬಾವಲಿ ಹಾಲು ಕೊಡುತ್ತದೆಯೇ?

ನೀನು ನಗಬಹುದು. ನಗಬೇಡ. ನಿನ್ನ ಅಮ್ಮ ಹೋದಾಗ ನೀನು ನನ್ನ ಎರಡು ಅಂಗೈಗಳಲ್ಲಿ ಹಿಡಿಯುವಷ್ಟಿದ್ದೆ. ಇದನ್ನು ನಿನಗೆ ಯಾವಾಗಲೂ ಅರ್ಧ ಹೇಳಿದ್ದೇನೆ. ಬಾಟಲಿ ಬಾಯಿಗಿಟ್ಟರೆ ಉಗುಳುತ್ತಿದ್ದೆ. ಎತ್ತಿಕೊಂಡರೆ ನನ್ನ ಅಂಗಿಯ ಜೇಬಿನ ಹತ್ತಿರ ಬಾಯಿ ತೆರೆದು ಹುಡುಕುತ್ತಿದ್ದೆ. ಅಲ್ಲಿ ಇದ್ದದ್ದು ಅಳತೆಯ ಟೇಪು, ಗುರುತು ಹಾಕುವ ಸೀಮೆಸುಣ್ಣ. ನಿನ್ನ ತುಟಿಗೆ ಸೀಮೆಸುಣ್ಣದ ಪುಡಿ ಅಂಟುತ್ತಿತ್ತು, ನಾನು ಒರೆಸುತ್ತಿದ್ದೆ, ನೀನು ಮತ್ತೆ ಅಲ್ಲೇ ಹುಡುಕುತ್ತಿದ್ದೆ. ಹೀಗೆ ದಿನಗಟ್ಟಲೆ. ನನಗೆ ಹೆದರಿಕೆ ಹತ್ತಿದ್ದು ಆಗ. ಅದಕ್ಕೂ ಮುಂಚೆ ನಾನು ಇಂಥ ಮನುಷ್ಯನಲ್ಲ, ನಂಬುತ್ತೀಯೋ ಇಲ್ಲವೋ, ಈಜು ಹೊಡೆಯಲು ಹೊಳೆಗೆ ಸೇತುವೆ ಮೇಲಿಂದ ಹಾರುತ್ತಿದ್ದವನು.

ಆ ಬಾವಲಿಯ ಮರಿ ಇದ್ದಿದ್ದರೆ ಅದೂ ಎಲ್ಲೋ ಹುಡುಕಿರುತ್ತದೆ. ಇದೊಂದು ತಿಳಿಯಬೇಕು ನನಗೆ. ಸತ್ತದ್ದು ಒಂದೋ, ಎರಡೋ.

ಅಪ್ಪ


ಜೂನ್ 2

ಅಪ್ಪಾ,

ಸೀಮೆಸುಣ್ಣದ ವಿಷಯ ನನಗೆ ಗೊತ್ತಿರಲಿಲ್ಲ. ಆ ಪುಟವನ್ನು ಎಷ್ಟು ಸಲ ಓದಿದೆನೋ. ಮನೆ ಬಿಡುವಾಗ ಅಂದ ಮಾತನ್ನು ವಾಪಸ್ಸು ತೆಗೆದುಕೊಳ್ಳಲು ಆಗುವುದಾದರೆ ತೆಗೆದುಕೊಳ್ಳುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ. ಎಷ್ಟೋ ಜಾತಿಗಳಲ್ಲಿ ತಾಯಂದಿರು ಬೇಟೆಗೆ ಹೋಗುವಾಗ ಮರಿಗಳನ್ನು ಗುಹೆಯ ಚಾವಣಿಯಲ್ಲಿ ಒಟ್ಟಿಗೆ ಬಿಟ್ಟು ಹೋಗುತ್ತವೆ. ಬಂದಮೇಲೆ ಅಷ್ಟು ಮರಿಗಳ ಗಲಾಟೆಯಲ್ಲಿ ತನ್ನದರ ದನಿಯನ್ನು ಗುರುತು ಹಿಡಿದು ಹಾಲು ಕೊಡುತ್ತವೆ. ಬೇರೆಯದಕ್ಕೆ ಕೊಡುವುದು ಕಡಿಮೆ. ಈ ಹೊಸ ಜಾತಿ ಏನು ಮಾಡುತ್ತದೆ, ಯಾವ ತಿಂಗಳಲ್ಲಿ ಮರಿ ಹಾಕುತ್ತದೆ ಎನ್ನುವುದು ಯಾರಿಗೂ ತಿಳಿಯದು. ನಮಗೆ ಅದರ ಪರಿಚಯವಾಗಿದ್ದೇ ಈಗ.

ಆದರೆ ಹಾಲುಣಿಸುವ ಬಾವಲಿಯನ್ನು ಗುರುತಿಸಲು ಒಂದು ದಾರಿ ಇದೆ. ಮರಿ ಕಚ್ಚಿ ಹಿಡಿದು ಹಿಡಿದು ಮೊಲೆತೊಟ್ಟಿನ ಸುತ್ತಲಿನ ಕೂದಲು ಸವೆದು ಬೋಳಾಗಿರುತ್ತದೆ. ಇದರಲ್ಲಿ ಹಾಗಿರಲಿಲ್ಲ. ಬಲಗಡೆ ಕೂದಲು ದಟ್ಟವಾಗಿತ್ತು, ನಾನೇ ನೋಡಿ ಬರೆದಿದ್ದೇನೆ. ಹಾಲುಣಿಸುತ್ತಿರಲಿಲ್ಲ ಎಂದೇ ಈ ಹೊಸ ಜಾತಿಯ ಬಗ್ಗೆ ಬರೆದ ನಮ್ಮ ಲೇಖನದಲ್ಲೂ ಹಾಕಿದ್ದೇವೆ. ಆದ್ದರಿಂದ ಮರಿಯ ಯೋಚನೆ ಬಿಡು.

ಮೊನ್ನೆ ಮೇಲಿನ ಗುಹೆಗೆ ಮತ್ತೆ ಹೋಗಿದ್ದೆವು. ಬಲೆ ಹಾಕಲಿಲ್ಲ, ಬಾಯಿಯ ಹತ್ತಿರ ಕೂತು ಎಣಿಸಲು ನೋಡಿದೆವು ಅಷ್ಟೆ. ಸಂಜೆ ಬೆಳಕಿಗೆ ಹೊರಗೆ ಬಂದವು ಅಪ್ಪಾ, ತುಕ್ಕು ಬಣ್ಣದವು, ಒಂದರ ಹಿಂದೊಂದು. ಮೇಡಂ ಅತ್ತರು. ಯಾರೂ ನೋಡಲಿಲ್ಲ ಎಂದುಕೊಂಡಿದ್ದಾರೆ.

ಲೇಖನ ಮುಂದಿನ ತಿಂಗಳು ಅಚ್ಚಾಗುತ್ತದೆ. ಅದಕ್ಕೆ ಮೊದಲು ಕೊನೆಯ ಸಲ ಎಲ್ಲ ಸರಿನೋಡಲು ಮ್ಯೂಸಿಯಂಗೆ ಹೋಗುತ್ತೇನೆ. ಅಲ್ಲಿಂದ ಮನೆಗೆ ಬರುತ್ತೇನೆ. ಸ್ಟೇಷನ್ನಿಗೆ ಬಂದು ಕಾಯಬೇಡ, ರೈಲು ತಡವಾದರೆ ಆಸ್ಪತ್ರೆಗೆಲ್ಲ ಫೋನು ಮಾಡುತ್ತೀಯ.

ನಿನ್ನ ಮಗಳು


ಜೂನ್ 11

ಮಗಳೇ,

ಸ್ಟೇಷನ್ನಿಗೆ ಬರುತ್ತೇನೆ. ದೂರದಲ್ಲಿ ನಿಂತಿರುತ್ತೇನೆ.

ಚೀಲಗಳನ್ನು ಈ ಕಾಗದದ ಜೊತೆಯೇ ಕಳಿಸುತ್ತಿದ್ದೇನೆ. ಹೊಲಿಗೆ ಹೊರಗಿದೆ. ಅಂಚುಗಳನ್ನು ಎರಡು ಸಲ ಮಡಿಸಿ ಪಟ್ಟಿ ಹಾಕಿದ್ದೇನೆ, ಹೊರಗಡೆಯೂ ಒಂದು ಎಳೆ ಏಳುವುದಿಲ್ಲ. ನೋಡಲು ಉಲ್ಟಾ ಹಾಕಿಕೊಂಡ ಅಂಗಿಯ ಹಾಗಿವೆ. ಇಸ್ತ್ರಿಯವನು ಒಂದನ್ನು ಎತ್ತಿ ಹಿಡಿದು, “ಮಾಸ್ತರೇ, ನಿಮ್ಮ ಹೆಸರು ಹಾಳಾಯ್ತು” ಎಂದ. ಅವನ ಕೈಯನ್ನೇ ಒಳಗೆ ಹಾಕಿಸಿದೆ. ಬೆರಳಾಡಿಸಿ ನೋಡಿ ಚೀಲವನ್ನು ಮೆಲ್ಲಗೆ ಮಡಿಸಿಟ್ಟ. ಆದರೂ ನೀನು ಪ್ರತಿಯೊಂದರಲ್ಲೂ ಕೈ ಹಾಕಿ ನೋಡಿಯೇ ಬಳಸು.

ಅವು ಸಾಲಾಗಿ ಹೊರಗೆ ಬಂದದ್ದನ್ನು ಓದಿದಾಗ ಮನಸ್ಸು ಸ್ವಲ್ಪ ಹಗುರಾಯಿತು. ನೀನು ಆ ಮಾತನ್ನೇನೂ ವಾಪಸ್ಸು ತೆಗೆದುಕೊಳ್ಳಬೇಕಾಗಿಲ್ಲ. ಹೆದರಿಕೆ ಕೊಟ್ಟದ್ದು ನಿಜ. ನನ್ನ ಹತ್ತಿರ ಇದ್ದದ್ದೇ ಅದು.

ಮರಿಯ ಯೋಚನೆ ಬಿಡು ಎಂದಿದ್ದೀಯ. ಬಿಟ್ಟಿದ್ದೆ. ನಿನ್ನ ಕಾಗದ ಮಡಿಸಿ ಪೆಟ್ಟಿಗೆಯಲ್ಲೂ ಇಟ್ಟಿದ್ದೆ. ಮತ್ತೆ ತೆಗೆದು ಓದಿದೆ. ಬಲಗಡೆ ಕೂದಲು ದಟ್ಟವಾಗಿತ್ತು ಎಂದು ಬರೆದಿದ್ದೀಯ. ಎಡಗಡೆ? ಎಳೆ ಎದೆಗೂ ಸುತ್ತಿಕೊಂಡಿತ್ತು ಎಂದು ಹಿಂದಿನ ಕಾಗದದಲ್ಲಿತ್ತು. ಎಳೆ ಉಜ್ಜಿ ಎಡಗಡೆಯ ಕೂದಲು ಹೋಗಿತ್ತೇ? ಹೋಗಿದ್ದರೆ ಅದು ಎಳೆಯಿಂದಲೇ ಹೋದದ್ದು ಎಂದು ನೀನು ಅಂದುಕೊಂಡೆಯಾ? ನನ್ನನ್ನು ಸಮಾಧಾನ ಮಾಡಲು ಬರೆದೆ ಎಂದು ಹೇಳುತ್ತಿಲ್ಲ. ನೀನು ಕಂಡದ್ದನ್ನೇ ಬರೆದಿರುತ್ತೀ. ಎರಡೂ ಕಡೆ ಒಂದೇ ಥರ ಇರುತ್ತದೆ ಎಂದು ಒಂದೇ ಕಡೆ ನೋಡಿ ಮುಂದಿನದಕ್ಕೆ ಹೋಗಿರಬಹುದು. ಯಾರಾದರೂ ಹಾಗೇ ಮಾಡುತ್ತಾರೆ.

ಆದರೆ ಮಗು ಒಂದೇ ಕಡೆ ಕುಡಿಯುವುದೂ ಉಂಟು. ನಿನ್ನ ಅಮ್ಮನಿಗೆ ಬಲಗಡೆ ಹಾಲು ಕಟ್ಟಿ, ಗಟ್ಟಿಯಾಗಿ, ಮುಟ್ಟಿದರೆ ಕಿರುಚುತ್ತಿದ್ದಳು. ಜ್ವರ ಶುರುವಾಗಿದ್ದು ಅಲ್ಲಿಂದಲೇ. ಕೊನೆಯ ದಿನದ ತನಕ ನೀನು ಕುಡಿದದ್ದು ಎಡಗಡೆ ಮಾತ್ರ.

ಇಷ್ಟೇ ಕೇಳುವುದು. ಹಾಲಿತ್ತು ಎಂದು ಗೊತ್ತಾದರೆ ಈಗ ಯಾರೂ ಏನೂ ಮಾಡಲಾಗದು, ಅದು ನನಗೂ ತಿಳಿಯುತ್ತದೆ. ಆ ಮರಿ ಇಷ್ಟು ಹೊತ್ತಿಗೆ ಇರುವುದಿಲ್ಲ. ಆದರೆ ಅದು ಇತ್ತು ಎಂದು ಒಬ್ಬರಿಗಾದರೂ ಗೊತ್ತಿರಬೇಕು. ನೀವು ಅಚ್ಚು ಹಾಕಿಸುವ ಲೇಖನದಲ್ಲಿ ಅದು ಇರಲೇ ಇಲ್ಲ ಎಂದು ಬರೆದುಬಿಟ್ಟರೆ, ಆಮೇಲೆ ಅದನ್ನು ಕೇಳುವವರು ಯಾರೂ ಇರುವುದಿಲ್ಲ.

ಮ್ಯೂಸಿಯಂಗೆ ಹೋದಾಗ ಬಾಟಲಿಯಿಂದ ಅದನ್ನು ಒಂದು ಸಲ ಹೊರಗೆ ತೆಗೆಸು. ಬೆಳಕಿಗೆ ಹಿಡಿದು, ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ, ಎಡಗಡೆ ಇನ್ನೊಮ್ಮೆ ನೋಡು.

ಅಪ್ಪ